ಮೂವತ್ತೆರಡು ಕಡ್ಡಿ

ದಿಬ್ಬೂರಹಳ್ಳಿ ದಾರಿಯಲ್ಲಿ, ಬೆಳಕು ಇನ್ನೂ ಹಸಿಯಿದ್ದಾಗ
ಟಿಣ್ ಅಂತೊಂದು ಸದ್ದು.
ಬಳೆ ಒಡೆಯಿತೇನೋ ಅಂದುಕೊಂಡೆ.
ನಾನು ಬಳೆ ತೊಡುವುದಿಲ್ಲ.
ಹಿಂದಿನ ಚಕ್ರದ ಕಡ್ಡಿ, ಈ ವರ್ಷಕ್ಕಿದು ನಾಲ್ಕನೆಯದು.

ಇಪ್ಪತ್ತೇ ಕಡ್ಡಿಯ ಚಕ್ರ.
ಒಂದು ಕೈಬಿಟ್ಟಿತೋ
ಉಳಿದ ಹತ್ತೊಂಬತ್ತೂ ಹೆಗಲು ಕೊಡವಿಬಿಡುತ್ತವೆ.
ರಿಮ್ಮು ಕುಡಿದವನ ಹಾಗೆ ಒಮ್ಮೆ ಆ ಬ್ರೇಕಿಗೆ
ಒಮ್ಮೆ ಈ ಬ್ರೇಕಿಗೆ ಒರಗಿ, ಕೊನೆಗೆ ನಿಂತೇಬಿಟ್ಟಿತು.
ಸೈಕಲ್ಲನ್ನು ಹೆಗಲಿಗೇರಿಸಿ ನಡೆದೆ.
ಟೊಮೇಟೊ ಟೆಂಪೋದವನು ನಿಧಾನಿಸಿ ಕೇಳಿದ:
"ಅಲ್ಲಕ್ಕಾ, ಅದು ನಿನ್ನ ಹೊರಬೇಕೋ
ನೀನು ಅದನ್ನ ಹೊರಬೇಕೋ?"

ಚಿಕ್ಕಬಳ್ಳಾಪುರದ ದೇವಿಕಾ
ನಂದಿ ಹತ್ತಿದ್ದನ್ನು ಸೆಕೆಂಡಿನಲ್ಲಿ ಹೇಳುವವಳು.
ಕಾರ್ಬನ್ ತಗೋ ಅಂದಳು, ಮೂವತ್ತೆಂಟು ಸಾವಿರ,
ನಾನೂರು ಗ್ರಾಂ ಹಗುರ.

ನಾನೂರು ಗ್ರಾಂ ನನಗೆ ಗೊತ್ತು.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹನ್ನೊಂದು ವರ್ಷದಿಂದ ತೂಕ ಬರೆಯುತ್ತಿದ್ದೇನೆ.
ನಾನೂರು ಗ್ರಾಂ ಅಂದರೆ ನಾಲ್ಕು ಬೊಗಸೆ ಗೂಡು,
ಹರಾಜು ಚುರುಕಾಗಿದ್ದ ದಿನ ಇನ್ನೂರೆಂಬತ್ತು ರೂಪಾಯಿ.
ಅಷ್ಟು ಇಳಿಸೋದಕ್ಕೆ ಮೂವತ್ತೆಂಟು ಸಾವಿರ ಯಾಕೆ,
ರಾತ್ರಿ ಒಂದು ಮುದ್ದೆ ಬಿಟ್ಟರೆ ಸಾಕು.
ಬಿಡಲಿಲ್ಲ. ಅದು ಬೇರೆ ಮಾತು.

ಬಾಬಾಜಾನ್ ಒಂದು ಕಾಲಕ್ಕೆ
ನೂಲು ಬಿಚ್ಚುವ ರಾಟೆಗಳ ಬೆಂಡು ತೆಗೆಯುತ್ತಿದ್ದವರು.
ದೊಡ್ಡ ಮಿಷನ್ನು ಬಂದವು, ಇವರು ಸೈಕಲ್ಲಿಗೆ ಬಂದರು.
ನನ್ನ ಚಕ್ರವನ್ನು ಹಣೆಯ ಮಟ್ಟಕ್ಕೆ ಹಿಡಿದು
ಆ ಕಡೆಯ ಬೀದಿಯನ್ನು ಅದರೊಳಗಿಂದ ನೋಡಿದರು.
"ರೋಗ ಏನಿಲ್ಲಮ್ಮ ಇದಕ್ಕೆ. ಜನ ಕಮ್ಮಿ.
ಮೂವತ್ತೆರಡು ಹಾಕೋಣ.
ಒಬ್ಬ ರಜಾ ಹಾಕಿದ್ರೂ ಮಿಕ್ಕವರು ಮನೆ ಮುಟ್ಟಿಸ್ತಾರೆ."

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ:
ಎರಡು ಪದರದ ಅಲ್ಯೂಮಿನಿಯಂ ರಿಮ್ಮು, ಸಾವಿರದ ನಾನೂರು.
ಹಬ್ಬು ಎರಡು ಸಾವಿರದ ನೂರು
(ಬೇರಿಂಗು ಹೋದರೆ ಪಂಪ್‌ಸೆಟ್ ಅಂಗಡಿಯಲ್ಲೂ ಸಿಗುವಂಥದ್ದು,
ಅದನ್ನು ಎರಡು ಸಲ ಹೇಳಿದರು).
ಕಡ್ಡಿ ಒಂದಕ್ಕೆ ಹದಿನೆಂಟು. ನಿಪ್ಪಲ್ಲು ಹಿತ್ತಾಳೆಯದೇ,
ಬೇರೆಯದು ಬೆವರಿಗೆ ಕಚ್ಚಿಕೊಳ್ಳುತ್ತದೆ.
ಕೂಲಿ ಅಂತ ಬರೆದು ಮುಂದೆ ಖಾಲಿ ಬಿಟ್ಟರು.
ನಾನು ಆರುನೂರು ಬರೆದೆ.
ಮೊಣಕೈಯಲ್ಲಿ ಆರನ್ನು ಒರೆಸಿ ಐದು ಮಾಡಿದರು.

ಆಮೇಲೆ ಸ್ಟ್ಯಾಂಡಿಗೆ ಅಡ್ಡಲಾಗಿ
ಒಂದೆಳೆ ರೇಷ್ಮೆ ಕಟ್ಟಿದರು.
ಕಣ್ಣಿಗೆ ಇಲ್ಲ, ಉಗುರಿಗೆ ಉಂಟು, ಅಂಥ ಎಳೆ.
ಚಕ್ರ ತಿರುಗಿತು.
ಎಳೆ ಎಲ್ಲಿ ನಡುಗಿತೋ ಅಲ್ಲಿ ಕಾಲು ಸುತ್ತು ಬಿಗಿ,
ಅದರೆದುರು ಕಾಲು ಸುತ್ತು ಸಡಿಲ.
ಎರಡು ಸಲ ಹರಿಯಿತು. ಬಯ್ಯಲಿಲ್ಲ,
ಬಾಯಲ್ಲಿ ನೆನೆಸಿ ಹೊಸದು ಕಟ್ಟಿದರು.
ಮೂರನೆಯದು ಸುಮ್ಮನಿತ್ತು.
ಅವರು ಕೈ ತೊಳೆದು ನಮಾಜಿಗೆ ಹೋದರು.
ತಿರುಗುತ್ತಲೇ ಇದ್ದ ಚಕ್ರದ ಮುಂದೆ
ನಾನು ಕೂತೇ ಇದ್ದೆ, ಮಾರುಕಟ್ಟೆಯ ಗಂಟೆ ಮರೆತು.

ದೇವಿಕಾ ಎತ್ತಿ ನೋಡಿ "ಎಮ್ಮೆ ಕಣೇ" ಅಂದಳು.
ಎಮ್ಮೆಯೇ. ಅದಕ್ಕೇನು, ಹಾಲು ಕೊಡುತ್ತದೆ.

ಇವತ್ತು ಅದೇ ದಾರಿ, ಅದೇ ಗುಂಡಿ.
ತಪ್ಪಿಸಬಹುದಿತ್ತು.
ತಪ್ಪಿಸಲಿಲ್ಲ.
ಧಡ್ ಅಂದಿತು, ಹಲ್ಲು ಕೂಡಿಕೊಂಡವು, ಅಷ್ಟೆ.

ಆದರೂ ಇಳಿದೆ.
ಹುಣಸೆ ಮರಕ್ಕೆ ಸೈಕಲ್ಲು ಒರಗಿಸಿ
ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ಹಿಂಡಿ ಎಣಿಸಿದೆ.
ಮೂವತ್ತೊಂದು.
ಎದೆ ಧಸಕ್ಕೆಂದಿತು. ಮತ್ತೆ ಮೊದಲಿಂದ.
ಮೂವತ್ತೆರಡು.
ದಿನವಿಡೀ ತೂಕ ಬರೆಯುವವಳು,
ನನ್ನದನ್ನು ಎಣಿಸುವಾಗ ಮಾತ್ರ ತಪ್ಪುತ್ತೇನೆ.