ಬೆಲ್ಲ, ಹದಿನಾರು ಸಲ

ಆರುನೂರು ಪದದೊಳಗೆ ಹದಿನಾರು ಸಲ ಬರಬೇಕು
'ಮಂಡ್ಯ ಸಾವಯವ ಬೆಲ್ಲ'.
ತಲೆಬರಹದಲ್ಲಿ ಒಮ್ಮೆ, ಮೊದಲ ಸಾಲಿನಲ್ಲಿ ಒಮ್ಮೆ,
ಚಿತ್ರದ ಬೆನ್ನಿಗೆ ಯಾರಿಗೂ ಕಾಣದ ಹಾಗೆ ಒಮ್ಮೆ,
ಮಿಕ್ಕಿದ್ದು ನಿಮ್ಮ ಜಾಣತನ ಅಂದರು
ಪದಕ್ಕೆ ನಲವತ್ತು ಪೈಸೆ ಕೊಡುವ ಮೈಸೂರಿನ ಏಜೆನ್ಸಿಯವರು.

ಎಣಿಸುತ್ತ ಬರೆದೆ.
ಗುತ್ತಲು ರಸ್ತೆಯ ಬಾಡಿಗೆ ಕೋಣೆ, ಕೆಳಗೆ ಪಂಕ್ಚರ್ ಅಂಗಡಿ,
ಕಬ್ಬಿನ ಲಾರಿ ಹೋದಾಗೆಲ್ಲ ಮೇಜು ನಡುಗಿ
ಲೆಕ್ಕ ತಪ್ಪುತ್ತಿತ್ತು.
ಮಂಡ್ಯ ಸಾವಯವ ಬೆಲ್ಲ ಬೇಕೆ? ಮಂಡ್ಯ ಸಾವಯವ ಬೆಲ್ಲಕ್ಕೆ
ಮಂಡ್ಯ ಸಾವಯವ ಬೆಲ್ಲದವರನ್ನೇ ಕೇಳಿ.
ಅಂಗಡಿಗೆ ಕಳಿಸಿದ ಮಗು ಮರೆತುಹೋದೀತೆಂದು
ದಾರಿಯುದ್ದಕ್ಕೂ ಹೇಳಿಕೊಂಡು ಓಡುವ ಹಾಗೆ.

ಮೊದಲು ಓದುವುದು ಮನುಷ್ಯರಲ್ಲವಂತೆ.
ರಾತ್ರಿ ಒಂದು ಜೇಡ ಬರುತ್ತದಂತೆ
ಕೊಂಡಿಯಿಂದ ಕೊಂಡಿಗೆ ಕಾಲಿಟ್ಟು.
ನಾಲಿಗೆ ಇಲ್ಲದ್ದು.
ಬೆಲ್ಲ ಅನ್ನುವ ಪದವನ್ನು ಮುಟ್ಟಿ ಮುಟ್ಟಿ ನೋಡಿ
ಎಷ್ಟಿದೆ ಅಂತ ಬರೆದುಕೊಂಡು ಹೋಗುತ್ತದಂತೆ.

ಕೀಲಾರದ ಆಚೆ ಬೋರಲಿಂಗಣ್ಣನ ಆಲೆಮನೆಗೆ
ಬರೆದದ್ದು ತೋರಿಸಲು ಹೋದೆ.
ಇದನ್ನು ಕೀಲಿಪದ ಅಂತಾರೆ ಅಂದೆ.
'ಕೀಲಿ ಯಾಕವ್ವ, ಆಲೆಮನೆಗೆ ಬಾಗ್ಲೇ ಇಲ್ವಲ್ಲ.'

ಪಾಕ ನೋಡುವ ಸಣ್ಣಯ್ಯ, ಓದಿ ಹೇಳು ಅಂದ.
ಓದಿದೆ.
ಜಾಲರಿ ಸೌಟು ಕೊಪ್ಪರಿಗೆಯ ಅಂಚಿಗಿಟ್ಟು ಕೇಳಿದ:
'ಅದ್ಯಾಕವ್ವ ಒಂದೇ ಮಾತ ಅಷ್ಟು ಸತಿ?
ಓದೋರ್ಗೆ ಕಿವಿ ಕೇಳಕಿಲ್ವಾ?'

ನನಗೆ ಉತ್ತರ ಬರಲಿಲ್ಲ. ಹಾಲು ಕುದಿಯುತ್ತಿತ್ತು.
ಬೆಂಡೆಗಿಡ ಜಜ್ಜಿದ ಲೋಳೆಯನ್ನು ಒಂದು ಚೊಂಬು ಸುರಿದ.
'ವಸಿ ಬುಡಬೇಕು. ಕೊಳೆನೆಲ್ಲ ತಬ್ಕೊಂಡು ಮೇಕ್ ಬತ್ತದೆ.
ಸುಣ್ಣ ಚಿಟ್ಕೆ. ಜಾಸ್ತಿಯಾದ್ರೆ ನಾಲ್ಗೆ ಸುಡ್ತದೆ.'
ಬಿಳಿ ಪುಡಿ ಹಾಕುವವರೂ ಇದ್ದಾರಂತೆ,
ಚಿನ್ನದ ಬಣ್ಣ ಬರುತ್ತದಂತೆ.
'ನೋಡಕ್ಕೆ ಮದ್ವೆ ಹೆಣ್ಣು.
ಬಾಯ್ಗಾಕ್ಕೊಂಡ್ರೆ ಸೀಮೆಸುಣ್ಣ.'

ಫೋನನ್ನು ಚೀಲಕ್ಕೆ ಹಾಕಿಕೊಂಡೆ,
ಹದಿನಾರರ ಸಮೇತ.

ಆ ರಾತ್ರಿ, ಜನ ಹುಡುಕಿದ ಮಾತುಗಳ ಪಟ್ಟಿ ತೆರೆದು ಕೂತೆ.
ಸಾವಯವ ಅಂತ ಹುಡುಕಿದವರು ಮೂರೇ ಮಂದಿ,
ಒಬ್ಬಳು ಬಹುಶಃ ನಾನೇ.
ಬೆಲ್ಲ ಯಾಕೆ ಕಪ್ಪಗಿರುತ್ತೆ.
ಪಾಯಸಕ್ಕೆ ಬೆಲ್ಲ ಹಾಕಿದರೆ ಹಾಲು ಒಡೆಯುತ್ತೆ ಏನು ಮಾಡಲಿ.
ಬಾಣಂತಿಗೆ ಯಾವ ಬೆಲ್ಲ.
ಶುಗರ್ ಇರೋರು ಬೆಲ್ಲ ಸ್ವಲ್ಪ ತಿನ್ನಬಹುದಾ.

ಆ 'ಸ್ವಲ್ಪ'ವನ್ನು ಯಾವ ಜೇಡ ಎಣಿಸೀತು?
ಮನೆಯವರೆಲ್ಲ ಮಲಗಿದ ಮೇಲೆ
ಡಬ್ಬಿಯ ಮುಚ್ಚಳ ಅರ್ಧ ತೆಗೆದು ನಿಂತು
ಒಂದು ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ
ಯಾರೋ ಕೇಳಿದ್ದು ಅದು.
ನನ್ನನ್ನಲ್ಲ. ಯಾರನ್ನೂ ಅಲ್ಲ.

ಅಳಿಸಿದೆ. ನಾಲ್ಕು ಉಳಿಸಿಕೊಂಡೆ, ಸುಣ್ಣದಷ್ಟು.
'ನಮ್ಮ ಬೆಲ್ಲ ಕಪ್ಪು' ಎಂದು ಶುರು ಮಾಡಿದೆ.
ಯಾಕೆಂದು ಸಣ್ಣಯ್ಯನ ಬಾಯಲ್ಲೇ ಹೇಳಿಸಿದೆ, ಬತ್ತದೆ ಬುಡಬೇಕು ಸಮೇತ.
ಹಾಲು ಒಲೆಯಿಂದ ಇಳಿಸಿ ಆರಿದ ಮೇಲೆ ಬೆಲ್ಲ ಹಾಕಿ ಎಂದೆ.
ಶುಗರ್‌ನವರಿಗೆ, ಮೊದಲು ಡಾಕ್ಟರನ್ನು ಕೇಳಿ,
ಇದೂ ಸಕ್ಕರೆಯ ಅಕ್ಕನೇ ಎಂದು ಬರೆದೆ.
ಬೆಲ್ಲ ಮಾರುವ ಪುಟದಲ್ಲಿ.
ಬೋರಲಿಂಗಣ್ಣ ಓದಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು,
'ಇರ್ಲಿ ಬುಡು' ಅಂದ.

ಮೈಸೂರಿನಿಂದ ಕೆಂಪು ಅಕ್ಷರದಲ್ಲಿ ವಾಪಸು ಬಂದಿದೆ:
ಕೀವರ್ಡ್ ಕಡಿಮೆ. ಇನ್ನೂ ಹನ್ನೆರಡು ಸೇರಿಸಿ.

ಉತ್ತರ ಕೊಟ್ಟಿಲ್ಲ ಇನ್ನೂ.
ಬೋರಲಿಂಗಣ್ಣ ಪೇಪರಿನಲ್ಲಿ ಸುತ್ತಿ ಕೊಟ್ಟ ಅಚ್ಚನ್ನು
ಮುರಿದು ಮುರಿದು ಬಾಯಿಗಿಟ್ಟು ಟೈಪು ಮಾಡಿದ್ದಕ್ಕೆ
ಕೀಲಿಮಣೆ ಅಂಟಂಟು.
'ಬ' ಒತ್ತಿದರೆ ಮೇಲೇಳುವುದೇ ಇಲ್ಲ:

ಬಬಬಬಬಬಬಬಬಬಬಬ

ತಗೊಳ್ಳಿ.
ಎಣಿಸಿಕೊಳ್ಳಿ.