ನಾಲ್ಕಾಣೆ

ಪೆನ್‌ಷನ್ ಮೊಹಲ್ಲಾದ ಮೂಲೆಯಲ್ಲಿ ನನ್ನ ಸಾಣೆ.
ದರ್ಜಿಗಳ ಕತ್ತರಿ, ಕಟುಕರ ಮಚ್ಚು,
ಮದುವೆ ಅಡುಗೆಯವರ ಈಳಿಗೆ,
ಸಲೂನಿನ ಚನ್ನಿಗಪ್ಪನ ಹಳೇ ಕ್ಷೌರದ ಕತ್ತಿ
(ಅವನು ಬ್ಲೇಡಿಗೆ ಹೋಗಿ ಇಪ್ಪತ್ತು ವರ್ಷ,
ಆಯುಧಪೂಜೆಗೆ ಮಾತ್ರ ತರುತ್ತಾನೆ).
ಬೂಟಿಗೂ ಅಲಗು ಇರುತ್ತದೆಂದು
ನನಗೆ ಯಾರೂ ಹೇಳಿರಲಿಲ್ಲ.

ಹುಡುಗಿ ಟವೆಲ್ ಬಿಚ್ಚಿದಳು, ಕೂಸಿನ ಬಟ್ಟೆ ಬಿಚ್ಚುವ ಹಾಗೆ.
ಬಿಳಿ ಬೂಟು. ಅಡಿಗೆ ಉಕ್ಕು.
ಮೂತಿಯಲ್ಲಿ ಗರಗಸದಂಥ ಹಲ್ಲು.
"ಹಲ್ಲು ಮುಟ್ಟಬೇಡಿ," ಅಂದಳು ಮೊದಲಿಗೇ.
ಸರಿ, ಮುಟ್ಟಲ್ಲ.

ಹೆಸರು ಮೇದಿನಿ. ಡೆಹ್ರಾಡೂನಿನಲ್ಲಿ
ಐಸ್ ಮೇಲೆ ಜಾರುವುದು, ಹಾರುವುದು ಕಲಿಯುವವಳು.
ಗುರುವಾರ ಇಲ್ಲಿ ಅಕ್ಕನ ಮದುವೆ,
ಭಾನುವಾರ ಅಲ್ಲಿ ರಾಷ್ಟ್ರೀಯ ಸ್ಪರ್ಧೆ.
ಯಾವನೋ ಮೆಷಿನ್ನಿನವನು ಎಡಗಾಲಿನದು ಕೆಡಿಸಿಟ್ಟಿದ್ದಾನೆ.
ಹೆಬ್ಬೆರಳಿಟ್ಟು ನೋಡಿದೆ. ಹರಿತವಾಗೇ ಇದೆಯಲ್ಲಮ್ಮ?
"ಹರಿತ ಇದ್ದರೆ ಸಾಲದು ಅಂಕಲ್. ಸಮ ಇರಬೇಕು."

ಚೂರಿಗೆ ಒಂದೇ ಬಾಯಿ. ಇದಕ್ಕೆ ಎರಡು.
ಹೇಮಾವತಿ ನಾಲೆಯ ಹಾಗೆ
ಆಚೆ ಏರಿ, ಈಚೆ ಏರಿ, ನಡುವೆ ತಗ್ಗು.
ಒಂದು ಏರಿ ಕುಸಿದರೆ ನೀರು ಎಲ್ಲಿ ನುಗ್ಗುತ್ತದೋ
ಈ ಮಗು ಅಲ್ಲಿ ಬೀಳುತ್ತದೆ.

ಗಲ್ಲಾದ ತಳದಿಂದ ಹಳೇ ನಾಲ್ಕಾಣೆ ತೆಗೆದು
ಎರಡೂ ಅಂಚಿನ ಮೇಲೆ ಅಡ್ಡ ಇಟ್ಟಳು.
ನಾಣ್ಯದ ಘೇಂಡಾಮೃಗ
ಕೂದಲೆಳೆಯಷ್ಟು ಬಲಕ್ಕೆ ವಾಲಿತು.

ಮೋಟಾರು ಆರಿಸಿದೆ.
ಬಡಗಿಯ ಉಳಿಯ ಹೊಟ್ಟೆ ತೀಡಲೆಂದು
ಅಬ್ಬಾ ಬಿಟ್ಟುಹೋದ ಉರುಟು ಕಲ್ಲು,
ಒಂದು ಹನಿ ಎಣ್ಣೆ,
ಹಿಮ್ಮಡಿಯಿಂದ ಮುಂದಕ್ಕೆ ಒಂದೇ ಉಸಿರಿನ ಎಳೆತ.
ನಿಲ್ಲಿಸು. ನಾಣ್ಯ ಇಡು. ನೋಡು.
ಮತ್ತೆ.

ಅವಳು ಬೆಂಚಿನ ಮೇಲೆ ಕೂತು ಹೇಳುತ್ತಿದ್ದಳು:
ದೊಡ್ಡ ಸ್ಪರ್ಧೆಗಳಲ್ಲಿ ಗ್ಯಾಲರಿಯ ಮೆಟ್ಟಿಲ ಕೆಳಗೆ
ಒಂದು ಸಣ್ಣ ಕೋಣೆ. ಅಲ್ಲೊಬ್ಬ ಮುದುಕ.
ಬಾಗಿಲಲ್ಲಿ ಕಾಲ್ಚೀಲದಲ್ಲೇ ನಿಂತ ಹುಡುಗಿಯರು,
ಮುತ್ತು ಹೊಲಿದ ಬಟ್ಟೆಯ ಮೇಲೆ ಸ್ವೆಟರು,
ಯಾರೂ ಯಾರ ಜೊತೆಗೂ ಮಾತಿಲ್ಲ.
ಸ್ಕ್ರೂ ತೂತು ಸವೆದಿದ್ದರೆ ಬೆಂಕಿಕಡ್ಡಿ ಮುರಿದು
ಗೋಂದು ಹಚ್ಚಿ ತುಂಬುತ್ತಾನೆ. ಹೊರಗೆ ಮೈಕಿನಲ್ಲಿ
ಹೆಸರು ಕೂಗುತ್ತಿದ್ದರೂ ಕೈ ಓಡಿಸುವುದಿಲ್ಲ.
ತಲೆ ಎತ್ತದೆ, ಬೂಟು ನೋಡಿಯೇ ಹೇಳುತ್ತಾನಂತೆ:
ಇದು ಅವಸರದವಳದು. ಇದು ಹೆದರುವವಳದು.

"ನಿನ್ನದಕ್ಕೆ ಏನಂದ?"
ಅವಳು ಲೇಸಿನ ಗಂಟು ಬಿಡಿಸುತ್ತಾ ಕೂತಳು.

ಸರಿಯಾಯಿತೋ ಇಲ್ಲವೋ, ನಾಲ್ಕಾಣೆ ಹೇಳಿದರೆ ಸಾಕೇ?
ಹಾಸನದಲ್ಲಿ ಐಸ್ ಎಲ್ಲಿದೆ?
ಬೆಳಗಿನ ಜಾವ ಕಟ್ಟಿನಕೆರೆ ಮಾರ್ಕೆಟ್ಟು,
ಮಂಗಳೂರು ಲಾರಿ ಬಂದು ನಿಂತಿತ್ತು.
ಮೊಯ್ದೀನಬ್ಬ ಬೈದುಕೊಂಡೇ
ಬಂಗುಡೆ ಸರಿಸಿ ಒಂದು ಗಡ್ಡೆ ಕೊಟ್ಟ.
ಬೂಟಿನೊಳಗೆ ಕೈ ತೂರಿಸಿ,
ಮೈಭಾರವೆಲ್ಲ ಬಿಟ್ಟು, ಎಳೆದಳು.

ಎರಡು ಗೆರೆ.
ಅರಸೀಕೆರೆ ಕಡೆಯ ಹಳಿಯ ಹಾಗೆ ಜೋಡಿ,
ಒಂದರ ಆಳ ಇನ್ನೊಂದಕ್ಕೆ.
ಹುಡುಗಿ ಅಲಗು ಮೂಸಿ ಮುಖ ಕಿವುಚಿದಳು.
"ಜಡ್ಜುಗಳಿಗೆ ವಾಸನೆ ಬಂದರೆ?" ಅಂದ ಮೊಯ್ದೀನಬ್ಬ.
ಐನೂರು ಕೊಡಲು ಬಂದಳು. ನಾನು ಮೂವತ್ತು ತಗೊಂಡೆ,
ಈಳಿಗೆಯ ರೇಟು. ಬೇರೆ ರೇಟು ನನ್ನಲ್ಲಿಲ್ಲ.

ಮುಂದಿನ ವಾರ ಅವಳ ಮಾವ ಫೋನಿನಲ್ಲಿ ವಿಡಿಯೋ ತೋರಿಸಿದರು.
ಹಾಡು, ದೀಪ, ನೀಲಿ ಲಂಗ. ನಾನು ಕಾಲು ಬಿಟ್ಟು ಬೇರೇನೂ ನೋಡಲಿಲ್ಲ.
ಎರಡು ಸಲ ಹಾರಿ ಚೆನ್ನಾಗಿ ಇಳಿದಳು.
ಮೂರನೆಯದರಲ್ಲಿ ಬಿದ್ದಳು, ಗೋಡೆಯವರೆಗೂ ಜಾರಿದಳು,
ಎದ್ದಳು.

ಹಿಂದಕ್ಕೆ ತಿರುಗಿಸಿ, ಅಂದೆ. ಇನ್ನೊಂದು ಸಲ.
ಇಳಿದದ್ದು ಬಲಗಾಲಿನ ಮೇಲೆ.
ನಾನು ತೀಡಿದ್ದು ಎಡಗಾಲಿನದು.

ಎದೆ ಹಗುರಾಯಿತು.
ಆಮೇಲೆ, ಮಗು ಬಿದ್ದಾಗ ಇದನ್ನೇ ಮೊದಲು ನೋಡಿದೆನಲ್ಲ ಅಂತ
ಅವರ ಮುಖ ನೋಡಲಾಗದೆ
ಯಾರದೋ ಕತ್ತರಿ ಎತ್ತಿಕೊಂಡು ಮೋಟಾರು ಹಾಕಿದೆ.

ನಾಲ್ಕಾಣೆ ಈಗ ಗಲ್ಲಾದಲ್ಲಿಲ್ಲ, ಜೇಬಿನಲ್ಲಿದೆ.
ಬಲಗಾಲಿನದರ ಮೇಲೂ ಒಂದು ಸಲ
ಇಟ್ಟು ನೋಡಬಹುದಿತ್ತು.