ಎರಡನೇ ಸಲಕ್ಕೆ ನಿಲ್ಲಿಸು

ಸಾಗರದ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮ ಲಾಡ್ಜು,
ಇಪ್ಪತ್ತೆರಡು ರೂಮು, ಒಂದೇ ಬಾಯ್ಲರು.
ಜೋಗ ನೋಡಲು ಬಂದವರು ಬೆಳಗಿನ ಐದಕ್ಕೇ
ನಲ್ಲಿ ತಿರುಗಿಸಿ ಕೂಗುತ್ತಾರೆ, ಬಿಸಿನೀರು ಎಲ್ಲಿ ಅಂತ.
ಮೆಟ್ಟಿಲ ಕೆಳಗೆ ಡೀಸೆಲ್ ಕುಡಿದು ಗೊರಗುಡುವ
ಹಸಿರು ಪೀಪಾಯಿಯೊಂದು
ನನ್ನ ಸುಪರ್ದಿನಲ್ಲಿದೆ ಎಂದು ಅವರಿಗೇನು ಗೊತ್ತು.

ದೀಪಾವಳಿ ಕಳೆದ ಮೊದಲ ಮಂಗಳವಾರ
ಶಿವಮೊಗ್ಗದ ಮೊದಲ ಬಸ್ಸಿಗೆ ಬರುತ್ತಾರೆ ರೆಬೆಲ್ಲೊ ಮೇಸ್ತ್ರಿ,
ಹೆಗಲಿಗೆ ಸ್ಪ್ಯಾನರಿನ ಚೀಲ,
ಕೈಯಲ್ಲಿ ಹಳೇ ಬನಿಯನ್ ತುಂಡುಗಳ ಗಂಟು.
ಚಾ ಬೇಡ. ಮೊದಲು ಮೇನ್ ಸ್ವಿಚ್ಚು,
ಆಮೇಲೆ ಎಣ್ಣೆಯ ವಾಲ್ವು,
ಆಮೇಲೆ ತಗಡಿನ ಮೈಗೆ ಅಂಗೈ ಇಟ್ಟು
ಸೊರ ಬಿಡುವ ತನಕ ಎಮ್ಮೆಯ ಪಕ್ಕ ಕೂತವರ ಹಾಗೆ
ಸುಮ್ಮನೆ ಕೂರುತ್ತಾರೆ.
'ಆರಲಿ. ಆರಿದ್ದರ ಹತ್ರ ಮಾತಾಡಬಹುದು,
ಕಾದದ್ದರ ಹತ್ರ ಬರೀ ವಾದ.'

ನಾಜಲ್ ಬಿಚ್ಚಿ ಬೆಳಕಿಗೆ ಹಿಡಿದು ತೋರಿಸಿದ್ದರು ಒಮ್ಮೆ,
ಸಾಸಿವೆಗಿಂತ ಸಣ್ಣ ತೂತು.
'ಪಿನ್ನು ಹಾಕಿ ಕೆರೆದೆಯೋ, ಬೆಂಕಿ ಸೊಟ್ಟ ಉರಿಯತ್ತೆ.
ಹೊಸದು ಹಾಕು.'
ಹಳೆಯವು ಆರು ನನ್ನ ಕಿಟಕಿಯ ಮೇಲಿವೆ,
ಹಿತ್ತಾಳೆಯವು, ಬಿಸಾಡಲು ಮನಸ್ಸು ಬಂದಿಲ್ಲ.

ಚಳಿಗೆಂದು ಯಜಮಾನರು ಗವಾಕ್ಷಿಗೆ ಗೋಣಿ ಹೊಡೆಸಿದ್ದ ವರ್ಷ
ಮೇಸ್ತ್ರಿ ಯಾರನ್ನೂ ಕೇಳದೆ ಕಿತ್ತು ಎಸೆದರು.
'ಬೆಂಕಿಗೆ ಉಸಿರು ಕಟ್ಟಿದರೆ ಅದು ನಮ್ಮದನ್ನ ಕಟ್ಟತ್ತೆ.
ಆ ವಿಷಕ್ಕೆ ವಾಸನೆ ಇಲ್ಲ. ತಲೆನೋವು ಅಂತ ಮಲಗಿದವರು
ಮಲಗಿಯೇ ಇರ್ತಾರೆ.'

ನನಗಿಂತ ಮೊದಲು ಇಲ್ಲಿದ್ದವನು ಗುತ್ಯಪ್ಪ.
ಹತ್ತದ ಬಾಯ್ಲರಿನ ಕೆಂಪು ಗುಂಡಿಯನ್ನು
ಐದು ಸಲ ಒತ್ತಿದ. ಒತ್ತಿದಷ್ಟೂ ಸಲ
ಒಳಗೆ ಎಣ್ಣೆ ಚಿಮ್ಮಿ, ಉರಿಯದೆ, ಮಡುಗಟ್ಟಿತು.
ಆರನೆಯ ಸಲ ಅಷ್ಟೂ ಒಟ್ಟಿಗೆ ಹತ್ತಿತು.
ಮುಚ್ಚಳ ಸಿಕ್ಕಿದ್ದು ರಸ್ತೆಯಲ್ಲಿ.
ಹುಬ್ಬು ಮತ್ತೆ ಬಂತು, ಒಂದು ಬಿಳಿ.
ಈಗ ಸೊರಬ ರಸ್ತೆಯಲ್ಲಿ ಮೀನು ಮಾರುತ್ತಾನೆ,
ಯಾರೋ ಬೀಡಿಗೆ ಕಡ್ಡಿ ಗೀರಿದರೂ
ಮುಖ ಆಚೆ ತಿರುಗಿಸುತ್ತಾನೆ.

ಈ ಸಲ ಎಲ್ಲ ಮುಗಿದಿತ್ತು.
ಮಸಿ ಬಳಿದು ಬಕೀಟಿಗೆ ತುಂಬಿ,
ಫಿಲ್ಟರ್ ಬದಲಿಸಿ, ಮೇಸ್ತ್ರಿ ಸ್ವಿಚ್ಚಿಗೆ ಕೈ ಎತ್ತಿದ್ದರು.
ಬಾಗಿಲಲ್ಲಿ ನಿಂತ ನನಗೇ ಮೂಗಿಗೆ ಹೊಡೆಯಿತು.
'ಮೇಸ್ತ್ರಿ, ಎಣ್ಣೆ ಸೋರ್ತಿದೆ.'
'ಎಲ್ಲಿ?'
ಅವರ ಮೂಗಿನ ಕೆಳಗೇ,
ಫಿಲ್ಟರ್ ಬಟ್ಟಲಿನ ಅಂಚಿನಲ್ಲಿ
ಹನಿಯೊಂದು ದಪ್ಪವಾಗುತ್ತಿತ್ತು.

ಕೈ ಇಳಿಸಿದರು. ಮಸಿ ಬಕೀಟಿನ ಪಕ್ಕ
ನೆಲದ ಮೇಲೇ ಕೂತರು.
'ಎರಡು ವರ್ಷ ಆಯ್ತು. ಆ ಜ್ವರ ಬಂದು ಹೋದಾಗಿಂದ.
ಮೀನ್‌ಸಾರು ಇಲ್ಲ, ಧೂಪ ಇಲ್ಲ, ಡೀಸೆಲ್ಲೂ ಇಲ್ಲ.
ಮನೇಲಿ ಗೊತ್ತು. ಕೆಲಸದ ಕಡೆ ಯಾರಿಗೂ ಹೇಳಿಲ್ಲ.'
ಏನು ಹೇಳಬೇಕೋ ತಿಳಿಯದೆ
ಡಬ್ಬಿಯಿಂದ ಹೊಸ ವಾಷರು ತೆಗೆದು ಒರೆಸಿದೆ.
ಅವರು ಸ್ಪ್ಯಾನರನ್ನು ನನ್ನತ್ತ ತಿರುಗಿಸಿದರು, ಹಿಡಿ ನನ್ನ ಕಡೆಗೆ.
'ಬೆರಳಿಗೆ ಬಿಗಿ ಅನ್ನಿಸಿದ ಮೇಲೆ ಇನ್ನು ಕಾಲು ಸುತ್ತು.
ಸಾಕು. ಸಿಟ್ಟು ತೋರಿಸಬೇಡ.'

ಒರೆಸಿದೆ. ಕಾದೆವು. ಬಗ್ಗಿ ಮೂಸಿದೆ.
ಮತ್ತೆ ಮೂಸಿದೆ. ಇಲ್ಲ.
ಸ್ವಿಚ್ಚು ಹಾಕಿದರೆ ಟಿಕ್ ಟಿಕ್ ಟಿಕ್, ಕೆಂಪು ದೀಪ.
ಒಳಗೆ ಗಾಳಿ ಸೇರಿದೆ.
ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವ ತನಕ ಬಸಿದು
ಮತ್ತೆ ಬಿಗಿದು, ಗುಂಡಿ ಒತ್ತಿದೆ.
'ಒಂದು,' ಅಂದರು ಮೇಸ್ತ್ರಿ.
ಎರಡು ಅನ್ನುವ ಪ್ರಸಂಗ ಬರಲಿಲ್ಲ.
ಗಾಜಿನ ಕಿಂಡಿಯಲ್ಲಿ ಬೆಂಕಿ ನೆಟ್ಟಗೆ ನಿಂತಿತು,
ತುದಿಯಲ್ಲಿ ಹೊಗೆಯಿಲ್ಲದ ಹಳದಿ.

ಆಮೇಲೆ ಚಾ ಕುಡಿದರು, ಎರಡು ಲೋಟ.
ಮೊಳೆಗೆ ನೇತುಹಾಕಿದ ಕಾರ್ಡಿನಲ್ಲಿ ತಾರೀಕು ಬರೆದು,
ನಾಜಲ್ಲಿನ ನಂಬರು ಬರೆದು,
ಕೆಳಗೆ ಖಾಲಿ ಜಾಗದಲ್ಲಿ ಹೊಸದೊಂದು ಸಾಲು ಹಾಕಿದರು:
ವಾಸನೆ ನೋಡಿದವರು.
ಆರು ವರ್ಷದಿಂದ 'ಏ ಹುಡುಗಿ' ಅನ್ನುತ್ತಿದ್ದವರು
ಪೆನ್ನು ಎತ್ತಿ ಹಿಡಿದು ಕೇಳಿದರು,
'ಹೆಸರೇನು ನಿಂದು?'

ಹೇಳಿದೆ.
ಒಂದು ಒತ್ತಕ್ಷರ ತಪ್ಪು ಬರೆದರು.
ತಿದ್ದಲಿಲ್ಲ.